ಅಮೆರಿಕದ ಕಾಲೇಜ್ ಫುಟ್‌ಬಾಲ್: ಮಿಷಿಗನ್ ಮ್ಯಾಚಲ್ಲಿ ಒಹಾಯೊ ಸ್ಟೇಟ್ ಈ ಸಲವಾದ್ರೂ ಬಾಲ್ ಎಸೆಯುತ್ತಾ, ಇಲ್ಲ ಮತ್ತೆ ಮಧ್ಯಕ್ಕೇ ನುಗ್ಗುತ್ತಾ?

ಕೊಲಂಬಸ್_ಹೈದ
ಶನಿವಾರ, 2025ರ ನವೆಂಬರ್ 29ಕ್ಕೆ, ಮಿಷಿಗನ್ ಊರು ಆನ್ ಆರ್ಬರಲ್ಲಿ ಮ್ಯಾಚು. ನಮ್ದು (ಒಹಾಯೊ ಸ್ಟೇಟ್) 11 ಗೆಲುವು 0 ಸೋಲು, ಅವ್ರದ್ದು 9-2, ಲೆಕ್ಕದಲ್ಲಿ ನಾವೇ ಮುಂದೆ. ಆದ್ರೆ ಹೋದ್ವರ್ಷನೂ ಹಿಂಗೇ ಎದೆ ಉಬ್ಬಿಸ್ಕೊಂಡು ಕೂತಿದ್ವಿ, 20 ಪಾಯಿಂಟ್‌ಗೂ ಹತ್ರ ಫೇವರಿಟ್ ಆಗಿದ್ದೋರು ನಮ್ಮ ಮೈದಾನದಲ್ಲೇ 13-10ಕ್ಕೆ ಮಣ್ಣು ಮುಕ್ಕಿದ್ವಿ. 2019 ಆದ್ಮೇಲೆ ಇವ್ರ ಮೇಲೆ ಒಂದೂ ಗೆದ್ದಿಲ್ಲ (2020ದು ಕೋವಿಡ್ ಅಂತ ನಡೀಲೇ ಇಲ್ಲ). ನಂಗೆ ಇನ್ನೂ ಅರ್ಥ ಆಗದೇ ಇರೋದು ಒಂದೇ: ಜೆರೆಮಾಯ ಸ್ಮಿತ್, ಎಗ್ಬೂಕ, ಟೇಟ್ ಅಂಥ ಮೂರು ರಿಸೀವರ್‌ಗಳನ್ನ (ಎಸೆದ ಬಾಲ್ ಹಿಡಿಯೋರು) ಇಟ್ಕೊಂಡು, ಆ ಕಡೆ ಮಧ್ಯದಲ್ಲಿ ಮೇಸನ್ ಗ್ರಾಹಂ, ಕೆನೆತ್ ಗ್ರಾಂಟ್ ಅಂತ ಎರಡು ಬೆಟ್ಟ ನಿಂತಿದ್ರೂ ಅಲ್ಲಿಗೇ ಮತ್ತೆ ಮತ್ತೆ ಓಡಿಸಿದ್ಯಾಕೆ? 26 ಸಲ ಓಡಿ 77 ಯಾರ್ಡ್. ಸೆಕೆಂಡ್ ಹಾಫಲ್ಲಿ ಒಂದು ಪಾಯಿಂಟೂ ಇಲ್ಲ. ಈಗ ಅಫೆನ್ಸ್ (ದಾಳಿ) ನೋಡ್ಕೋತಿದ್ದ ಚಿಪ್ ಕೆಲ್ಲಿ ಇಲ್ಲ, ಅದು ಬ್ರಯನ್ ಹಾರ್ಟ್‌ಲೈನ್ ಕೈಲಿದೆ, ಬಾಲ್ ಎಸೆಯೋ ಕ್ವಾರ್ಟರ್‌ಬ್ಯಾಕ್ ಜೂಲಿಯನ್ ಸೇಯಿನ್. ನೀವೇ ಕೋಚ್ ಆಗಿದ್ರೆ ಹೆಂಗೆ ಶುರು ಮಾಡ್ತಿದ್ರಿ?

ಹಳೇ_ಬಕೈ
ಗುರು, ಬರೀ ಕೋಚ್‌ಗೆ ಬೈಯೋದು ಸುಲಭ. ಹೋದ್ವರ್ಷ ನಮ್ ಲೈನಲ್ಲಿ (ಎದುರಾಳಿನ ತಡೆಯೋ ಮುಂದಿನ ಸಾಲು) ಲೆಫ್ಟ್ ಟ್ಯಾಕಲ್ ಸಿಮನ್ಸ್ ಆರೆಗನ್ ಮ್ಯಾಚಲ್ಲೇ ಮಂಡಿ ಮುರ್ಕೊಂಡು ಹೋಗಿದ್ದ, ಸೆಂಟರ್ ಮೆಕ್‌ಲಾಫ್ಲಿನ್‌ಗೆ ನವೆಂಬರಲ್ಲಿ ಅಕಿಲಿಸ್ (ಹಿಮ್ಮಡಿ ನರ) ಹೋಯ್ತು. ಲೈನ್ ತೇಪೆ ಹಾಕಿದ್ದು. ಹಂಗಂತ ರನ್ ಬಿಡೋಕಾಗುತ್ತಾ, ಈ ಮ್ಯಾಚ್ ಹಣೆಬರಹನೇ ಅದು, ಓಡಿದೋರು ಗೆಲ್ತಾರೆ. 2021ರಲ್ಲಿ ಮಿಷಿಗನ್ 297 ಯಾರ್ಡ್ ಓಡ್ತು, ನಾವು 64. ಅವ್ರ ಹಾಸ್ಕಿನ್ಸ್ ಒಬ್ನೇ 5 ಟಚ್‌ಡೌನ್ (ಬಾಲ್ ಕೊನೆ ಗೆರೆ ದಾಟಿಸಿದ್ರೆ 6 ಪಾಯಿಂಟ್). ಹೋದ್ವರ್ಷ 172ಕ್ಕೆ 77. ಜೊತೆಗೆ ಶನಿವಾರ ಸ್ನೋ ಬೇರೆ ಬೀಳ್ಬಹುದು ಅಂತಿದಾರೆ. ನಮ್ ರನ್ನಿಂಗ್ ಬ್ಯಾಕ್ (ಬಾಲ್ ಹಿಡ್ಕೊಂಡು ಓಡೋನು) ಬೋ ಜಾಕ್ಸನ್‌ಗೆ ಬಾಲ್ ಕೊಡಿ, ಸುಮ್ನೆ ಮುಂದೆ ಹೋಗಿ.

ಆನ್‌ಆರ್ಬರ್_ಅಕ್ಕ
ನಾನು ಮಿಷಿಗನ್ ಕಡೆಯೋಳು, ಮೊದ್ಲೇ ಹೇಳ್ಬಿಡ್ತೀನಿ 😄 ಆದ್ರೆ ಹಳೇ ಬಕೈ ಅವ್ರ ಲೆಕ್ಕ ತಲೆಕೆಳಗಾಗಿದೆ. 2022 ನೆನಪಿಸ್ಕೊಳ್ಳಿ, ನಾವು ಕೊಲಂಬಸ್‌ಗೆ ಬಂದು 45-23 ಹೊಡೆದಿದ್ದು. ನಮ್ ರನ್ ನಿಲ್ಲಿಸ್ಬೇಕು ಅಂತ ನಿಮ್ಮೋರು ಎಲ್ರೂ ಮುಂದಕ್ಕೆ ಬಂದು ನಿಂತ್ಕೊಂಡ್ರು, ಹಿಂದೆ ಖಾಲಿ, ನಮ್ ಕ್ವಾರ್ಟರ್‌ಬ್ಯಾಕ್ ಮೆಕಾರ್ಥಿ ರಿಸೀವರ್ ಕಾರ್ನೀಲಿಯಸ್ ಜಾನ್ಸನ್‌ಗೆ ಎರಡು ಉದ್ದದ ಪಾಸ್ ಹಾಕಿ ಎರಡೂ ಟಚ್‌ಡೌನ್. ನಮ್ ರನ್ನಿಂಗ್ ಬ್ಯಾಕ್ ಎಡ್ವರ್ಡ್ಸ್ 75 ಮತ್ತೆ 85 ಯಾರ್ಡ್ ಓಡಿದ್ದು ಅದಾದ್ಮೇಲೆ, ನಾಲ್ಕನೇ ಕ್ವಾರ್ಟರಲ್ಲಿ, ಮೊದಲ ಸಾಲು ದಾಟಿದ್ರೆ ಹಿಡಿಯೋಕೆ ಯಾರೂ ಇರ್ಲಿಲ್ಲ. ಕೊನೆಗೆ ಲೆಕ್ಕ ನೋಡಿದ್ರೆ 252 ರನ್ನಿಂಗ್ ಯಾರ್ಡ್, ಎಲ್ರೂ ಓಡಿ ಗೆದ್ರು ಅಂತಾರೆ. ಬಾಗಿಲು ತೆಗೆದಿದ್ದು ಪಾಸು ಕಣ್ರೀ.

ಜಯನಗರ_4ನೇ_ಬ್ಲಾಕ್
ಬೆಂಗ್ಳೂರಿಂದ ನೋಡ್ತೀನಿ, ಈ ಆಟ ಇನ್ನೂ ಕಲೀತಿದೀನಿ. ಎಲ್ರೂ "ಬಾಕ್ಸಲ್ಲಿ ಎಷ್ಟು ಜನ" ಅಂತಿರ್ತಾರಲ್ಲ, ಅದೇನು? ಮತ್ತೆ ನಮ್ಗೆ ಎಷ್ಟೊತ್ತಿಗೆ?

ಕೊಲಂಬಸ್_ಹೈದ
@ಜಯನಗರ ನಿಮ್ಗೆ ರಾತ್ರಿ 10:30. ಬಾಕ್ಸ್ ಅಂದ್ರೆ ಲೈನ್ ಹತ್ರ ಮಧ್ಯದಲ್ಲಿ ಗುಂಪಾಗಿ ನಿಂತಿರೋ ಡಿಫೆಂಡರ್‌ಗಳು. ಕ್ರಿಕೆಟಲ್ಲಿ ಫೀಲ್ಡರೆಲ್ಲ ಬೌಂಡ್ರಿಲಿದ್ರೆ ಸಿಂಗಲ್ ತಗೋತೀವಿ, ಒಳಗೆ ಬಂದ್ರೆ ತಲೆ ಮೇಲಿಂದ ಎತ್ತಿ ಹೊಡೀತೀವಲ್ಲ, ಅದೇ ಲೆಕ್ಕ. ಆರೇ ಜನ ಇದ್ರೆ ಓಡು, ಎಂಟು ಜನ ಇದ್ರೆ ಎಸಿ.

ಹುಬ್ಳಿ_ಮಂದಿ
ಅಕ್ಕಾರು ಹೇಳಿದ್ದು ಖರೆ ಐತಿ. ಅದಕ್ಕ ಸಾಕ್ಷಿ ನಿಮ್ ಟೀಮ್‌ನಾಗ ಐತಲ್ರಿ! ಮಿಷಿಗನ್ ಕೈಯಾಗ ಸೋತು ಮೂರ ವಾರಕ್ಕ ಟೆನೆಸಿ ಜೋಡಿ ಆಡಿದ್ರು, ಮೊದಲ್ನೇ ಡ್ರೈವ್‌ನಾಗ (ಬಾಲ್ ಕೈಯಾಗಿದ್ದ ಸರದಿ) ಸ್ಮಿತ್‌ಗ 37 ಯಾರ್ಡ್ ಪಾಸು, ಟಚ್‌ಡೌನ್, ಮೊದಲ್ನೇ ಕ್ವಾರ್ಟರ್ ಮುಗಿಯೂದ್ರಾಗ 21-0. ರೋಸ್ ಬೌಲ್ ಮ್ಯಾಚ್‌ನಾಗ ಆರೆಗನ್ ಮ್ಯಾಲೆ ಸ್ಮಿತ್‌ಗೊಂದು ಉದ್ದ, ಎಗ್ಬೂಕಗೊಂದು ಉದ್ದ, ಅವ್ರು ಗಾಬರಿ ಬಿದ್ದು ಹಿಂದ ಸರದ ಮ್ಯಾಲೆ ನಿಮ್ ಹೆಂಡರ್ಸನ್ 66 ಯಾರ್ಡ್ ಓಡಿದ. 34-0 ಆಗಿತ್ರಿ ಒಂದ ಹೊತ್ನ್ಯಾಗ. ಅದ ಹುಡುಗೂರು, ಅದ ಕೋಚು, ಲೈನೂ ಅದ ತೇಪಿ ಹಾಕಿದ ಲೈನು. ಬದ್ಲಾಗಿದ್ದು ಪ್ಲೇ ಕರಿಯೂ ಕ್ರಮ (ಯಾವಾಗ ಓಡೂದು, ಯಾವಾಗ ಎಸಿಯೂದು) ಅಷ್ಟ. ಮಿಷಿಗನ್ ಅಂದ ಕೂಡ್ಲೆ ನಿಮ್ ಕೋಚ್ ರಯನ್ ಡೇ ಸಾಹೇಬ್ರಿಗೆ "ನಾವೂ ಗಟ್ಟಿ ಅದೇವಿ" ಅಂತ ತೋರಸೂ ಹಟ ಬರ್ತೈತಿ, ನನಗ ಅನಸೂದು ಇಷ್ಟ.

ಹಳೇ_ಬಕೈ
ಹಟ ಅನ್ನೋದು ಒಪ್ತೀನಿ. ಆದ್ರೆ ಹೋದ ಮ್ಯಾಚಲ್ಲಿ ಪಾಸ್ ಮಾಡಿದಾಗ ಏನಾಯ್ತು ಅದೂ ಹೇಳಿ, ಆಗಿನ ನಮ್ ಕ್ವಾರ್ಟರ್‌ಬ್ಯಾಕ್ ವಿಲ್ ಹವರ್ಡ್ ಎರಡು ಇಂಟರ್ಸೆಪ್ಷನ್ (ಎಸೆದ ಬಾಲ್ ಎದುರಾಳಿ ಕೈಗೆ), ಒಂದಂತೂ ನಮ್ಮ ಗೋಲ್ ಬಾಗಿಲಿಗೇ ತಂದು ಕೊಟ್ಟಂಗಾಯ್ತು. ಮಿಷಿಗನ್ ಇಡೀ ಮ್ಯಾಚಲ್ಲಿ ಪಾಸ್ ಮಾಡಿದ್ದು 62 ಯಾರ್ಡ್, ಅಷ್ಟರಲ್ಲೇ ಗೆದ್ದು ಹೋದ್ರು!! ನಮ್ ಕಿಕರ್ ಎರಡು ಫೀಲ್ಡ್ ಗೋಲ್ (ಒದ್ದು ಗಳಿಸೋ 3 ಪಾಯಿಂಟ್) ಮಿಸ್ ಮಾಡ್ದ, ಅದರಲ್ಲಿ ಒಂದು ಹೋಗಿದ್ರೂ ಈ ಚರ್ಚೆನೇ ಇರ್ತಿರ್ಲಿಲ್ಲ. ಮತ್ತೆ ರಟ್‌ಗರ್ಸ್ ಮ್ಯಾಚಲ್ಲಿ ಸ್ಮಿತ್, ಟೇಟ್ ಇಬ್ರೂ ಆಡಿಲ್ಲ, ಶನಿವಾರ ಎಷ್ಟು ಫಿಟ್ ಇರ್ತಾರೋ.

ಆನ್‌ಆರ್ಬರ್_ಅಕ್ಕ
ನಂಗೆ ಭಯ ಇರೋದು ಬೇರೆ ಕಡೆ. ಗ್ರಾಹಂ, ಗ್ರಾಂಟ್ ಇಬ್ರೂ ಆಟಗಾರರ ಆಯ್ಕೆಯ ಫಸ್ಟ್ ರೌಂಡಲ್ಲೇ ಪ್ರೊಫೆಷನಲ್ ಲೀಗ್ ಎನ್‌ಎಫ್‌ಎಲ್‌ಗೆ ಹೋದ್ರು, ಹಂಗಾಗಿ ಈ ಸಲ ನೀವು ಮಧ್ಯಕ್ಕೆ ಓಡಿದ್ರೂ ನಾಲ್ಕೈದು ಯಾರ್ಡ್ ಸಿಗುತ್ತೆ. ನಿಮ್ ಡೇ ಅದನ್ನ ನೋಡಿ ಖುಷಿಯಾಗಿ ಅಲ್ಲೇ ಕೂತ್ರೆ ನಮ್ಗೆ ಒಳ್ಳೇದೇ, ಗಡಿಯಾರ ಓಡುತ್ತೆ, ಡ್ರೈವ್‌ಗಳು ಕಮ್ಮಿ ಆಗ್ತವೆ, ನಮ್ಮ ಕ್ವಾರ್ಟರ್‌ಬ್ಯಾಕ್ ಅಂಡರ್‌ವುಡ್ ಇನ್ನೂ ಫ್ರೆಶ್‌ಮನ್ (ಕಾಲೇಜಿನ ಮೊದಲ ವರ್ಷ), ಅವ್ನಿಗೂ ಕಮ್ಮಿ ಸ್ಕೋರಿನ ಆಟನೇ ಬೇಕು. ಸೇಯಿನ್ ಮೊದಲ ಪ್ಲೇಯಿಂದ ಎಸೆಯೋಕೆ ಶುರು ಮಾಡಿದ್ರೆ ನಮ್ ಕತೆ ಕಷ್ಟ. 100ಕ್ಕೆ 75ಕ್ಕಿಂತ ಜಾಸ್ತಿ ಪಾಸ್ ಕರೆಕ್ಟಾಗಿ ಕೈ ಸೇರಿಸ್ತಿದಾನೆ ಆ ಹುಡುಗ.

ಕೊಲಂಬಸ್_ಹೈದ
ಶತ್ರು ಪಾಳಯದಿಂದಲೇ ಉತ್ತರ ಬಂತು ನೋಡ್ರಪ್ಪ. ನನ್ನ ಪ್ಲ್ಯಾನ್: ಎರಡು ಮೂರು ಟೈಟ್ ಎಂಡ್ (ತಡೆಯೋಕೂ ಪಾಸ್ ಹಿಡಿಯೋಕೂ ಇರೋರು) ನಿಲ್ಸಿ ರನ್ ಥರ ತೋರ್ಸೋದು, ಅವ್ರ ಲೈನ್‌ಬ್ಯಾಕರ್‌ಗಳು (ಮೊದಲ ಸಾಲಿನ ಹಿಂದೆ ನಿಲ್ಲೋ ಡಿಫೆಂಡರ್‌ಗಳು) ಮುಂದಕ್ಕೆ ಬರ್ತಾರೆ, ಬಾಲ್ ಜಾಕ್ಸನ್‌ಗೆ ಕೊಟ್ಟಂಗೆ ಮಾಡಿ ಟೈಟ್ ಎಂಡ್ ಮ್ಯಾಕ್ಸ್ ಕ್ಲೇರ್‌ಗೆ ಮಧ್ಯದಲ್ಲಿ ಪಾಸು, ಅದೂ ಫಸ್ಟ್ ಡೌನ್‌ನಲ್ಲೇ (10 ಯಾರ್ಡ್ ಮುಂದೆ ಹೋಗೋಕೆ ಸಿಗೋ ನಾಲ್ಕು ಚಾನ್ಸಲ್ಲಿ ಮೊದಲನೇದು). ಸ್ನೋ ಬಿದ್ರೂ 12-15 ಯಾರ್ಡ್ ಪಾಸ್‌ಗೆ ಏನೂ ಆಗಲ್ಲ, ಉಲ್ಟಾ ಜಾರೋ ನೆಲದಲ್ಲಿ ಹಿಂದಕ್ಕೆ ತಿರುಗಿ ಓಡ್ಬೇಕಾಗಿರೋದು ಡಿಫೆನ್ಸು.

ಹುಬ್ಳಿ_ಮಂದಿ
ಮೊದಲ್ನೇ ಮೂರು ಫಸ್ಟ್ ಡೌನ್ ನೋಡ್ರಿ. ಮೂರೂ ರನ್ ಆದ್ವಂದ್ರ ನಾ ಟಿವಿ ಬಂದ್ ಮಾಡಿ ಮಲಗಾಂವ.