ಮೊಂಟಾರಾ ಬೆಟ್ಟದ ಚಾರಣ: ಯಾವ ದಾರಿ, ಯಾವ ಕಾಲ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಊರಿನಿಂದ ನನ್ನ ತಂದೆ-ತಾಯಿ ಬಂದಿದ್ದಾರೆ. ಇಬ್ಬರೂ ಅರವತ್ತು ದಾಟಿದವರಾದರೂ ದಿನವೂ ನಡೆಯುವ ರೂಢಿಯುಳ್ಳವರು. ಸ್ಯಾನ್ ಫ್ರಾನ್ಸಿಸ್ಕೋದ ದಕ್ಷಿಣಕ್ಕೆ, ಪೆಸಿಫಿಕಾದ ಬಳಿಯಿರುವ ಮೊಂಟಾರಾ ಬೆಟ್ಟಕ್ಕೆ ಅವರನ್ನು ಕರೆದೊಯ್ಯುವ ಆಸೆಯಿದೆ. ಕಡಲು ಕಾಣಬೇಕು, ಇಲ್ಲಿನ ನೆಲದ್ದೇ ಆದ ಗಿಡಗಳನ್ನು ಅಮ್ಮನಿಗೆ ತೋರಿಸಬೇಕು. ಸ್ಯಾನ್ ಪೆಡ್ರೋ ಕಣಿವೆಯಿಂದ ಹತ್ತುವುದು ಒಳ್ಳೆಯದೋ, ಕಡಲ ಬದಿಯಿಂದಲೋ? ಜುಲೈನಲ್ಲಿ ಹೋಗಬಹುದೇ?

ಉತ್ತರ 1:
ಜುಲೈ ಬೇಡ. ಬೇಸಿಗೆಯಲ್ಲಿ ತಣ್ಣನೆಯ ಕಡಲ ಮೇಲೆ ಹುಟ್ಟುವ ಮಂಜು ಬೆಟ್ಟವನ್ನು ಎಷ್ಟೋ ದಿನ ಪೂರ್ತಿ ಮುಚ್ಚಿರುತ್ತದೆ. ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ ಆಕಾಶ ತಿಳಿಯಾಗಿದ್ದರೆ ದೂರದ ಫ್ಯಾರಲಾನ್ ದ್ವೀಪಗಳೂ ಕಾಣುತ್ತವೆ.

ಗಿಡಗಳೇ ಮುಖ್ಯವಾದರೆ ಕಣಿವೆಯ ದಾರಿಯನ್ನೇ ಹಿಡಿಯಿರಿ. ಆರಂಭದಲ್ಲಿ ಸಿಗುವ ನೀಲಗಿರಿ ತೋಪು ಆಸ್ಟ್ರೇಲಿಯಾದಿಂದ ಬಂದದ್ದು; ಅದನ್ನು ದಾಟಿದ ಮೇಲೆ ಸ್ಥಳೀಯ ಕುರುಚಲು ಕಾಡು ತೊಡಗುತ್ತದೆ. ಅಲ್ಲಿನ ಮೊಂಟಾರಾ ಮ್ಯಾಂಜನಿಟಾ ಗಿಡದ ಎದುರು ಸ್ವಲ್ಪ ಹೊತ್ತು ನಿಲ್ಲಿ. ಕಡುಗೆಂಪು ನುಣುಪು ಕಾಂಡ, ಕಾಂಡವನ್ನೇ ಅಪ್ಪಿಕೊಂಡು ಒಂದರ ಮೇಲೊಂದು ಒತ್ತಾಗಿ ಕೂತ ಎಲೆಗಳು, ಚಳಿಗಾಲದಲ್ಲಿ ಗೊಂಚಲು ಗೊಂಚಲಾಗಿ ತೂಗುವ ಪುಟ್ಟ ಬಿಳಿ ಹೂಗಳು. ಈ ಬೆಟ್ಟ ಮತ್ತು ಹತ್ತಿರದ ಸ್ಯಾನ್ ಬ್ರೂನೋ ಬೆಟ್ಟವನ್ನು ಬಿಟ್ಟರೆ ಅದು ಪ್ರಪಂಚದಲ್ಲಿ ಬೇರೆಲ್ಲೂ ಸಹಜವಾಗಿ ಬೆಳೆಯುವುದಿಲ್ಲ. ಆದ್ದರಿಂದ ದಾರಿ ಬಿಟ್ಟು ಒಳಗೆ ಕಾಲಿಡಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಉತ್ತರ 2:
ಮೇಲಿನ ಮಾತನ್ನು ಪೂರ್ತಿ ಒಪ್ಪುತ್ತೇನೆ. ಡೆವಿಲ್ಸ್ ಸ್ಲೈಡ್ ಎಂಬಲ್ಲಿ ಕಡಲಂಚಿನ ಹೆದ್ದಾರಿ ಪದೇ ಪದೇ ಕುಸಿಯುತ್ತಿದ್ದ ಕಾರಣ, ಈ ಬೆಟ್ಟವನ್ನೇ ಕಡಿದು ಬದಲಿ ಹೆದ್ದಾರಿ ಮಾಡುವ ಯೋಜನೆಯಿತ್ತು. ಸ್ಥಳೀಯರು ದಶಕಗಳ ಕಾಲ ಹೋರಾಡಿದರು. 1996ರಲ್ಲಿ ಸ್ಯಾನ್ ಮಟೇಯೋ ಕೌಂಟಿಯ ಮತದಾರರು ಆ ಹೆದ್ದಾರಿಯ ಬದಲು ಸುರಂಗ ಕೊರೆಯುವುದರ ಪರವಾಗಿ ತೀರ್ಪಿತ್ತರು. ಸುರಂಗಗಳು 2013ರಲ್ಲಿ ತೆರೆದವು, ಹಳೆಯ ರಸ್ತೆ ಮರುವರ್ಷ ಕಾಲುದಾರಿಯಾಯಿತು. ತಂದೆ-ತಾಯಿಗೆ ಏರು ಕಷ್ಟವೆನಿಸಿದರೆ, ಡಾಂಬರು ಹಾಕಿದ ಆ ದಾರಿಯಲ್ಲಿ ನಡೆದೇ ಕಡಲನ್ನು ಕಣ್ತುಂಬ ನೋಡಬಹುದು.

ಉತ್ತರ 3:
ಉತ್ತರದ ಶಿಖರ ಸುಮಾರು 580 ಮೀಟರ್ ಎತ್ತರದಲ್ಲಿದೆ. ಅಲ್ಲಿಯವರೆಗೆ ಹೋಗಲೇಬೇಕೆಂದಿಲ್ಲ, ಕಣಿವೆಯ ದಾರಿಯಲ್ಲಿ ಅರ್ಧ ಏರುವಷ್ಟರಲ್ಲೇ ಪೆಸಿಫಿಕಾದ ಕಡಲತೀರ ಕೆಳಗೆ ಹರಡಿಕೊಳ್ಳುತ್ತದೆ. ಕಡಲ ಬದಿಯ ದಾರಿ ಅಗಲವಾಗಿದ್ದರೂ ನೆರಳಿಲ್ಲ, ಕೆಲವೆಡೆ ಏರು ತೀರಾ ಕಡಿದು.

ಒಂದೊಂದು ತೊಟ್ಟಿಗೆ ಮೂರು ಎಲೆಗಳಿರುವ ಪಾಯ್ಸನ್ ಓಕ್ ಗಿಡವನ್ನು ಅಮ್ಮನವರು ಮುಟ್ಟದಂತೆ ನೋಡಿಕೊಳ್ಳಿ. ಅದು ನಮ್ಮ ಕೇರಿನ ಮರದ ಕುಟುಂಬಕ್ಕೇ ಸೇರಿದ್ದು, ತಾಗಿದರೆ ಮೈಯೆಲ್ಲ ದದ್ದು ಏಳುತ್ತದೆ. ರಕ್ತ ಹೀರುವ ಉಣ್ಣಿ ಹುಳುಗಳೂ ಇರುವುದರಿಂದ ಪೂರ್ತಿ ತೋಳಿನ ಅಂಗಿ ತೊಡಿಸಿ, ಮನೆಗೆ ಬಂದ ಮೇಲೆ ಕುತ್ತಿಗೆ, ಮಂಡಿಯ ಹಿಂಭಾಗವನ್ನು ಪರೀಕ್ಷಿಸಿ.