ಡ್ರೈಕ್ಲೀನಿಂಗ್ ಅಂಗಡಿ ಇದ್ದ ಖಾಲಿ ಸೈಟಿನಲ್ಲಿ ತರಕಾರಿ ಬೆಳೆಯಬಹುದಾ? (ಮಿಲ್ವಾಕೀ)

ಹಿತ್ತಲಗಿಡ:
ಎಲ್ಲರಿಗೂ ನಮಸ್ಕಾರ. ನಾವಿರುವುದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕೀ ನಗರದ ದಕ್ಷಿಣ ಭಾಗದಲ್ಲಿ. ಪಕ್ಕದ ಮೂಲೆ ಸೈಟಿನಲ್ಲಿ ಹಿಂದೆ ಡ್ರೈಕ್ಲೀನಿಂಗ್ ಅಂಗಡಿ ಇತ್ತಂತೆ. ಮಾಲೀಕರು ತೆರಿಗೆ ಕಟ್ಟಲಿಲ್ಲ, ಜಾಗ ನಗರಾಡಳಿತದ ಕೈಗೆ ಹೋಯಿತು, ಕಟ್ಟಡ ಕೆಡವಿದರು. ಈಗ ಬರೀ ಹುಲ್ಲು, ಕಸ. ಬೀದಿಯವರೆಲ್ಲ ಸಂಘ ಮಾಡಿಕೊಂಡು ಅದನ್ನು ಕೊಂಡು ತೋಟ ಮಾಡೋಣ ಅಂತಿದ್ದಾರೆ. ಮೆಂತ್ಯ, ಬದನೆ, ಅವರೆ ಹಾಕುವ ಆಸೆ ನನಗೂ ಇದೆ. ಆದರೆ ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳು. ನಮ್ಮ ಯಜಮಾನರು ಬೇಡವೇ ಬೇಡ ಅಂತಾರೆ. ಯಾರನ್ನು ಕೇಳಬೇಕು, ಎಲ್ಲಿಂದ ಶುರು ಮಾಡಬೇಕು?

ಸೈಕಲ್‌ಸವಾರ:
ಆಸೆ ಬಿಡಬೇಡಿ. ನಿಮ್ಮೂರಿನ ಮೆನಾಮನೀ ಕಣಿವೆಯನ್ನೇ ನೋಡಿ. ಮಿಲ್ವಾಕೀ ರೋಡ್ ರೈಲ್ವೆ ಕಂಪನಿಯ ವರ್ಕ್‌ಶಾಪ್ 1985ರಲ್ಲಿ ಮುಚ್ಚಿದ ಮೇಲೆ ಆ ಜಾಗ ವರ್ಷಗಟ್ಟಲೆ ಪಾಳು ಬಿದ್ದಿತ್ತು. 2003ರಲ್ಲಿ ನಗರಾಡಳಿತ ಸುಮಾರು 140 ಎಕರೆ ವಶಕ್ಕೆ ತೆಗೆದುಕೊಂಡು ಶುದ್ಧ ಮಾಡಿತು. ನೆರೆ ಬರುವ ಜಾಗ ಅಂತ ಮಣ್ಣು ತುಂಬಿ ಎತ್ತರಿಸಿದರು. ಈಗ ಅಲ್ಲಿ ಕಾರ್ಖಾನೆಗಳಿವೆ, ಜನಕ್ಕೆ ಕೆಲಸ ಇದೆ. 2013ರಲ್ಲಿ ಥ್ರೀ ಬ್ರಿಡ್ಜಸ್ ಪಾರ್ಕ್ ಕೂಡ ತೆರೆಯಿತು. ಹ್ಯಾಂಕ್ ಆರನ್ ಟ್ರೇಲ್‌ನಲ್ಲಿ ಸೈಕಲ್ ಹೊಡೆಯುವಾಗ ಹಳೇ ವರ್ಕ್‌ಶಾಪಿನ ಎರಡು ಚಿಮಣಿ ಕಾಣುತ್ತವೆ, ಅವನ್ನು ಹಾಗೇ ಉಳಿಸಿದ್ದಾರೆ.

ಮಣ್ಣುಪರೀಕ್ಷೆ:
ಕಣಿವೆಯ ಕೆಲಸ ನಿಜಕ್ಕೂ ದೊಡ್ಡದು. ಆದರೆ ಅಲ್ಲಿ ಜವಾಬ್ದಾರಿ ಹೊತ್ತದ್ದು ನಗರಾಡಳಿತ. ಇಲ್ಲಿ ಹೊರುವವರು ನಿಮ್ಮ ಸಂಘ. ಮೇಡಂ, ನಾನು ಇದೇ ಕೆಲಸದಲ್ಲಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ: ತನಿಖೆ ಮುಗಿಯುವ ತನಕ ಯಾರೂ ಕ್ರಯಪತ್ರಕ್ಕೆ ಸಹಿ ಹಾಕಬೇಡಿ.

ವಿಷ ಸೇರಿದ ಜಾಗಗಳನ್ನು ಶುದ್ಧ ಮಾಡಿಸುವ 1980ರ ಸೂಪರ್‌ಫಂಡ್ ಕಾನೂನಿನಲ್ಲಿ, ವಿಷ ಸುರಿದವರು ಬೇರೆಯವರಾದರೂ ಈಗಿನ ಮಾಲೀಕರ ತಲೆಗೆ ಶುದ್ಧ ಮಾಡುವ ಖರ್ಚು ಬರಬಹುದು. ಈ ಹೆದರಿಕೆಗೇ ಎಷ್ಟೋ ಸೈಟುಗಳನ್ನು ಯಾರೂ ಮುಟ್ಟಲಿಲ್ಲ. 2002ರ ಬ್ರೌನ್‌ಫೀಲ್ಡ್ (ಮಾಲಿನ್ಯದ ಅನುಮಾನವಿರುವ ಹಳೇ ಜಾಗ) ಕಾನೂನು, ಕೊಳ್ಳುವ ಮೊದಲೇ ಸರಿಯಾಗಿ ವಿಚಾರಿಸಿದವರಿಗೆ ರಕ್ಷಣೆ ಕೊಟ್ಟಿತು. ಕೊಂಡ ಮೇಲೆ ವಿಚಾರಿಸಿದರೆ ಆ ರಕ್ಷಣೆ ಸಿಗಲ್ಲ.

ವಿಚಾರಣೆಯ ಮೊದಲ ಹಂತಕ್ಕೆ ಫೇಸ್ ಒನ್ ಅಂತಾರೆ. ಅದರಲ್ಲಿ ನೆಲ ಅಗೆಯುವುದಿಲ್ಲ. ಹಳೇ ದಾಖಲೆ, ವಿಮಾನದಿಂದ ತೆಗೆದ ಫೋಟೋ, ಸ್ಯಾನ್‌ಬಾರ್ನ್ ಕಂಪನಿಯ ಬೆಂಕಿ ವಿಮೆ ನಕ್ಷೆ ನೋಡುತ್ತಾರೆ. ಯಾವ ಕಟ್ಟಡ ಎಲ್ಲಿತ್ತು, ಪೆಟ್ರೋಲ್ ಟ್ಯಾಂಕ್ ಎಲ್ಲಿತ್ತು ಅನ್ನುವುದೂ ಆ ನಕ್ಷೆಗಳಲ್ಲಿ ಸಿಗುತ್ತದೆ. ಅನುಮಾನ ಬಂದರೆ ಫೇಸ್ ಟೂ: ನೆಲ ಕೊರೆದು ಮಣ್ಣು, ನೀರು ತೆಗೆದು ಲ್ಯಾಬಿಗೆ ಕಳಿಸುವುದು. ಇದಕ್ಕೆ ನಗರಾಡಳಿತ ಕೇಂದ್ರದ ಪರಿಸರ ಇಲಾಖೆ ಇಪಿಎಯಿಂದ ಅನುದಾನ ಕೇಳಬಹುದು. ನಿಮ್ಮ ಆಲ್ಡರ್‌ಮನ್ (ವಾರ್ಡಿನ ಚುನಾಯಿತ ಸದಸ್ಯ) ಕಚೇರಿಗೆ ಹೋಗಿ ಅದನ್ನೇ ಕೇಳಿ. ಅದಕ್ಕೂ ಮೊದಲು ವಿಸ್ಕಾನ್ಸಿನ್ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಡಿಎನ್‌ಆರ್‌ನ ವೆಬ್‌ಸೈಟಿನಲ್ಲಿ ವಿಳಾಸ ಹಾಕಿ ನೋಡಿ. ಮಾಲಿನ್ಯ ವರದಿಯಾದ ಸೈಟುಗಳ ಪಟ್ಟಿ ಅಲ್ಲಿದೆ, ದುಡ್ಡು ಕೊಡಬೇಕಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲ ಅಂದರೆ ಜಾಗ ಶುದ್ಧ ಅಂತ ಅಲ್ಲ. ಯಾರೂ ಪರೀಕ್ಷೆ ಮಾಡಿಸದೆಯೂ ಇರಬಹುದು.

ಕೈತೋಟ:
ಮನೆ ಕೆಡವಿದ ಖಾಲಿ ಸೈಟುಗಳಲ್ಲಿ ಸೀಸದ ಕಾಟ ಜಾಸ್ತಿ. 1978ಕ್ಕೆ ಮುಂಚಿನ ಬಣ್ಣಗಳಲ್ಲಿ ಸೀಸ ಇರುತ್ತಿತ್ತು, ಅದು ಮಣ್ಣಲ್ಲೇ ಉಳಿಯುತ್ತದೆ. ಮಕ್ಕಳು ಕೈ ಬಾಯಿಗೆ ಹಾಕುತ್ತಾರಲ್ವಾ, ಅಪಾಯ ಅಲ್ಲಿದೆ. ನಾವು ನೆಲಕ್ಕೆ ದಪ್ಪ ಬಟ್ಟೆ ಹಾಸಿ, ಮರದ ಚೌಕಟ್ಟು ಕಟ್ಟಿ, ಹೊರಗಿಂದ ತಂದ ಮಣ್ಣು ತುಂಬಿ ಬೆಳೆಯುತ್ತೇವೆ. ಟೊಮೇಟೊ, ಬದನೆಯಂಥ ಕಾಯಿಗಳಿಗೆ ಸೀಸ ಏರುವುದು ಕಡಿಮೆ. ಸೊಪ್ಪು, ಮೂಲಂಗಿ, ಕ್ಯಾರೆಟ್‌ಗೆ ಮಣ್ಣು, ಧೂಳು ಅಂಟುತ್ತದೆ, ಅವನ್ನಂತೂ ಚೌಕಟ್ಟಿನ ಮಣ್ಣಲ್ಲೇ ಹಾಕಿ.

ಹಿತ್ತಲಗಿಡ:
ತುಂಬಾ ಥ್ಯಾಂಕ್ಸ್. ಹಾಗಾದರೆ ಮಣ್ಣು ಪರೀಕ್ಷೆ ಮಾಡಿಸಿ ಚೌಕಟ್ಟು ಕಟ್ಟಿದರೆ ಸಾಕಾ?

ಮಣ್ಣುಪರೀಕ್ಷೆ:
ಸಾಲದು ಮೇಡಂ. ಚೌಕಟ್ಟು ಸೀಸಕ್ಕೆ ಸರಿ, ಡ್ರೈಕ್ಲೀನಿಂಗ್‌ಗೆ ಅಲ್ಲ. ಅಂಗಡಿಯವರು ಬಳಸುತ್ತಿದ್ದದ್ದು ಹೆಚ್ಚಾಗಿ ಪರ್ಕ್ ಅನ್ನುವ ದ್ರವ. ನೀರಿಗಿಂತ ಭಾರ. ಚೆಲ್ಲಿದರೆ ಅಂತರ್ಜಲದವರೆಗೂ, ಅದರ ಕೆಳಕ್ಕೂ ಇಳಿಯುತ್ತದೆ. ಆಮೇಲೆ ಆವಿಯಾಗಿ ಮೇಲೆ ಬಂದು ಅಕ್ಕಪಕ್ಕದ ಮನೆಗಳ ಬೇಸ್‌ಮೆಂಟಿಗೆ ನುಗ್ಗಬಹುದು. ಮೇಲ್ಮಣ್ಣು ಒಂದನ್ನೇ ಪರೀಕ್ಷಿಸಿದರೆ ಇದು ಗೊತ್ತಾಗುವುದೇ ಇಲ್ಲ. ತೋಟ ಆಗಲಿ ಬಿಡಲಿ, ನಿಮ್ಮ ಮನೆಯ ಗಾಳಿ ಪರೀಕ್ಷೆ ಆಗಲೇಬೇಕು. ಡಿಎನ್‌ಆರ್‌ಗೆ ಫೋನ್ ಮಾಡಿ, ಪಕ್ಕದಲ್ಲಿ ಡ್ರೈಕ್ಲೀನಿಂಗ್ ಅಂಗಡಿ ಇತ್ತು ಅಂತ ಹೇಳಿ, ಆವಿಯ ಬಗ್ಗೆಯೇ ಕೇಳಿ. ಒಂದು ವೇಳೆ ಮನೆಯಲ್ಲಿ ಆವಿ ಇದ್ದರೂ ಮನೆ ಬಿಡಬೇಕಾಗಿ ಬರುವುದು ಅಪರೂಪ. ನೆಲದಿಂದ ಏಳುವ ರೇಡಾನ್ ಅನಿಲಕ್ಕೆ ಹಾಕುವ ಹಾಗೆ ನೆಲದಡಿಯಿಂದ ಪೈಪ್ ಎಳೆದು ಫ್ಯಾನ್ ಕೂರಿಸುತ್ತಾರೆ, ಆವಿ ಮಾಡಿನ ಮೇಲಿಂದ ಹೊರಗೆ ಹೋಗುತ್ತದೆ. ನಾಳೆಯೇ ಫೋನ್ ಮಾಡಿ.