ಹಳೆಯ ಫೀಡ್ ಕಡತಗಳನ್ನು ಓದುವಂತೆ ಮಾಡಿಕೊಳ್ಳುವುದು ಹೇಗೆ?

ಪ್ರಶ್ನೆ: ನಾನು ನಿಲ್ಲಿಸಿದ ಬ್ಲಾಗಿನ ಬರಹಗಳು ಮೂರು ಫೀಡ್ ಕಡತಗಳಲ್ಲಿ (ಫೀಡ್ ಎಂದರೆ ಬ್ಲಾಗಿನ ಹೊಸ ಬರಹಗಳನ್ನು ಓದುಗರ ತಂತ್ರಾಂಶಕ್ಕೆ ತಲುಪಿಸುವ ಕಡತ) ಉಳಿದಿವೆ ಎಂದು ನಂಬಿದ್ದೇನೆ. ಒಂದರ ಹೆಸರು ಆರ್‌ಎಸ್‌ಎಸ್ ಎಂದೂ ಇನ್ನೊಂದರದು ಎಕ್ಸ್‌ಎಂಎಲ್ ಎಂದೂ ಮತ್ತೊಂದರದು ಓಪಿಎಂಎಲ್ ಎಂದೂ ಮುಗಿಯುತ್ತದೆ. ಬ್ರೌಸರಿನಲ್ಲಿ ತೆರೆದರೆ < > ಚಿಹ್ನೆಗಳ ನಡುವೆ ಸಿಕ್ಕಿಕೊಂಡ ಪಠ್ಯ ಕಾಣುತ್ತದೆ, ಒಂದಂತೂ ತೆರೆಯುವುದೇ ಇಲ್ಲ. ಇಂಥವನ್ನು ಪಿಡಿಎಫ್ ಅಥವಾ ಇ-ಪುಸ್ತಕ ಮಾಡಿಕೊಂಡವರು ದಯವಿಟ್ಟು ಅನುಭವ ತಿಳಿಸಿ.

ಉತ್ತರ: ಪರಿವರ್ತಿಸುವ ತಂತ್ರಾಂಶವನ್ನು ಹುಡುಕುವ ಮೊದಲು ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಒಳಗೆ ಏನಿದೆ ಎಂದು ನೋಡಿಕೊಳ್ಳಿ, ಹಾಗೆ ಮಾಡದೆ ನಾನು ಎರಡು ದಿನ ಕಳೆದುಕೊಂಡಿದ್ದೇನೆ. ಓಪಿಎಂಎಲ್ ಕಡತದಲ್ಲಿ ಸಾಮಾನ್ಯವಾಗಿ ಬರಹಗಳಿರುವುದಿಲ್ಲ, ನೀವು ಓದುತ್ತಿದ್ದ ಫೀಡ್‌ಗಳ ವಿಳಾಸಪಟ್ಟಿ ಇರುತ್ತದೆ, ಅದನ್ನು ಫೀಡ್ ರೀಡರಿಗೆ ಇಂಪೋರ್ಟ್ ಮಾಡಿಕೊಳ್ಳಬಹುದು. ಉಳಿದವುಗಳಲ್ಲಿ ‘ಐಟಂ’ ಟ್ಯಾಗ್ (< > ನಡುವಿನ ಗುರುತು) ಕಂಡರೆ ಅದು ಆರ್‌ಎಸ್‌ಎಸ್ ಬಗೆಯ ಫೀಡ್, ‘ಎಂಟ್ರಿ’ ಕಂಡರೆ 2005ರಲ್ಲಿ ಮಾನಕವಾದ ಆಟಮ್ ಎಂಬ ಇನ್ನೊಂದು ಬಗೆಯ ಫೀಡ್. ಆರ್‌ಎಸ್‌ಎಸ್‌ನ ಪ್ರತಿ ಐಟಮ್ಮಿನಲ್ಲಿ ‘ಡಿಸ್ಕ್ರಿಪ್ಷನ್’ ಒಂದೇ ಇದ್ದು ಅದೂ ಎರಡು ಸಾಲಿಗೆ ಮುಗಿದಿದ್ದರೆ ನಿಮ್ಮಲ್ಲಿರುವುದು ಸಾರಾಂಶ ಮಾತ್ರ, ಅದನ್ನು ಯಾವ ತಂತ್ರಾಂಶಕ್ಕೆ ಕೊಟ್ಟರೂ ಪೂರ್ತಿ ಲೇಖನ ಹೊರಬರುವುದಿಲ್ಲ. ಬ್ಲಾಗ್ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನ ಫೀಡ್, ನಾವು ಬದಲಿಸದಿದ್ದರೆ, ಇತ್ತೀಚಿನ 10 ಬರಹಗಳನ್ನಷ್ಟೇ ಕೊಡುತ್ತದೆ. ಎಕ್ಸ್‌ಪೋರ್ಟ್ ಮಾಡಿ ಪಡೆದ ಕಡತದಲ್ಲಾದರೆ ಎಲ್ಲ ಬರಹಗಳೂ ಇರುತ್ತವೆ, ಆದರೆ ಚಿತ್ರಗಳ ವಿಳಾಸ ಇರುತ್ತದೆಯೇ ಹೊರತು ಚಿತ್ರಗಳಿರುವುದಿಲ್ಲ.

ಕನ್ನಡ ಅಕ್ಷರಗಳಿರಬೇಕಾದ ಕಡೆ &#3221; ಎಂಬಂಥ ಸಂಖ್ಯೆಗಳು ಕಂಡರೆ ಕಡತ ಕೆಟ್ಟಿದೆ ಎಂದು ಅಳಿಸಬೇಡಿ. ಅದು ‘ಕ’ ಅಕ್ಷರದ ಯುನಿಕೋಡ್ ಸಂಖ್ಯೆ, ಬ್ರೌಸರ್ ಅದನ್ನು ಅಕ್ಷರವಾಗಿಯೇ ತೋರಿಸುತ್ತದೆ.

ಉತ್ತರ: ಟ್ಯಾಗುಗಳು ಹಾಗೆಯೇ ಕಾಣುವುದೂ ಕಡತದ ದೋಷವಲ್ಲ. ಫೈರ್‌ಫಾಕ್ಸ್ ಮೊದಲು ಫೀಡ್ ಅನ್ನು ಓದುವ ಪುಟದಂತೆ ತೋರಿಸುತ್ತಿತ್ತು, 2018ರ ಡಿಸೆಂಬರಿನಲ್ಲಿ ಬಂದ 64ನೇ ಆವೃತ್ತಿಯಿಂದ ಆ ಸೌಲಭ್ಯವನ್ನು ತೆಗೆದರು. ತೆರೆಯದೇ ಇರುವ ಕಡತದ ವಿಷಯ ಬೇರೆ: ಈ ಕಡತಗಳನ್ನು ಬರೆಯುವ ಎಕ್ಸ್‌ಎಂಎಲ್ ಎಂಬ ಟ್ಯಾಗುಗಳ ಮಾದರಿ ಒಂದೇ ಒಂದು ತಪ್ಪನ್ನೂ ಸಹಿಸುವುದಿಲ್ಲ, ಆದರೆ ತಪ್ಪಿರುವ ಸಾಲಿನ ಸಂಖ್ಯೆಯನ್ನು ಬ್ರೌಸರೇ ತಿಳಿಸುತ್ತದೆ. ನನ್ನ ಕಡತದಲ್ಲಿ ಒಂದು ಶೀರ್ಷಿಕೆಯೊಳಗೆ & ಚಿಹ್ನೆ ಒಂಟಿಯಾಗಿ ನಿಂತಿತ್ತು; ಅದರ ಜಾಗದಲ್ಲಿ &#38; ಎಂದು ಬರೆದು ಉಳಿಸಿದ ಕೂಡಲೇ ಇಡೀ ಕಡತ ತೆರೆದುಕೊಂಡಿತು. ಮೂಲವನ್ನು ಮುಟ್ಟದೆ ಪ್ರತಿಯ ಮೇಲೆ ಮಾತ್ರ ಇಂಥ ಕೆಲಸ ಮಾಡಿ.

ಉತ್ತರ: ಶೀರ್ಷಿಕೆ, ದಿನಾಂಕ, ಕೊಂಡಿಗಳ ಪಟ್ಟಿ ಸಾಕೆನ್ನುವವರಿಗೆ ಎಕ್ಸೆಲ್ ಅನುಕೂಲ. ಬರಹಗಳನ್ನು ಅದರಲ್ಲಿ ಇಡಬೇಡಿ, ಏಕೆಂದರೆ ಒಂದು ಕೋಶ 32,767 ಅಕ್ಷರಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ. ಸಿಎಸ್‌ವಿಯಾಗಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಪಠ್ಯ ಕಡತ) ಉಳಿಸುವಾಗ ಕನ್ನಡವನ್ನೂ ಉಳಿಸುವ ಯುಟಿಎಫ್-8 ಆಯ್ಕೆಯನ್ನೇ ಆರಿಸಿ. ನಾನು ಸಾಮಾನ್ಯ ಸಿಎಸ್‌ವಿ ಆರಿಸಿದ್ದರಿಂದ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾದವು, ಮೂಲ ಕಡತ ಇದ್ದುದರಿಂದ ಉಳಿದುಕೊಂಡೆ.

ಉತ್ತರ: ಪುಸ್ತಕ ಬೇಕಿದ್ದರೆ ಎರಡು ಹಂತಗಳಲ್ಲಿ ಹೋಗುವುದು ಒಳ್ಳೆಯದು. ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಸ್ವಲ್ಪ ಬರುವವರು ಅದರ ‘ಫೀಡ್‌ಪಾರ್ಸರ್’ ಎಂಬ ಸಿದ್ಧ ಕೋಡ್ ಬಳಸಿದರೆ ಅದು ಆರ್‌ಎಸ್‌ಎಸ್, ಆಟಮ್ ಎರಡನ್ನೂ ಓದುತ್ತದೆ, ಕಂಪ್ಯೂಟರಿನಲ್ಲೇ ಇರುವ ಕಡತದ ದಾರಿ ಕೊಟ್ಟರೂ ಸಾಕು. ಅದರಿಂದ ಪಡೆದ ಬರಹಗಳನ್ನು ಹಳೆಯದರಿಂದ ಹೊಸದಕ್ಕೆ ಜೋಡಿಸಿ ಒಂದೇ ಎಚ್‌ಟಿಎಂಎಲ್ ಪುಟ ಮಾಡಿದೆ. ಫೀಡಿನಲ್ಲಿ ಹೊಸದೇ ಮೊದಲು ಬರುವುದರಿಂದ ಈ ಕ್ರಮ ಬದಲಿಸದಿದ್ದರೆ ಪುಸ್ತಕ ಹಿಂದುಮುಂದಾಗುತ್ತದೆ. ಆ ಪುಟವನ್ನು ಕ್ಯಾಲಿಬರ್ ಎಂಬ ಇ-ಪುಸ್ತಕ ತಂತ್ರಾಂಶಕ್ಕೆ ಕೊಟ್ಟು ಇಪಬ್ (ಇ-ಪುಸ್ತಕದ ಒಂದು ಮಾದರಿ) ಮಾಡಿಕೊಂಡೆ. ಪಿಡಿಎಫ್‌ಗೆ ಅದೇ ಪುಟವನ್ನು ಬ್ರೌಸರಿನಲ್ಲಿ ತೆರೆದು ಪ್ರಿಂಟ್ ಆಯ್ಕೆಯಿಂದ ಉಳಿಸಿದೆ, ಒತ್ತಕ್ಷರಗಳು ಒಂದೂ ಕೆಡಲಿಲ್ಲ.

ಪ್ರಶ್ನೆ ಕೇಳಿದವರಿಂದ: ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಓಪಿಎಂಎಲ್‌ನಲ್ಲಿ ನೀವು ಹೇಳಿದಂತೆ ವಿಳಾಸಪಟ್ಟಿಯಷ್ಟೇ ಇದೆ, ಆರ್‌ಎಸ್‌ಎಸ್‌ನಲ್ಲಿ ಹತ್ತು ಸಾರಾಂಶಗಳಿವೆ. ತೆರೆಯದೇ ಇದ್ದ ಎಕ್ಸ್‌ಎಂಎಲ್ ಕಡತ ಒಂದು & ತಿದ್ದಿದ ಮೇಲೆ ತೆರೆಯಿತು, ಅದರಲ್ಲಿ 63 ಬರಹಗಳೂ ಪೂರ್ತಿಯಾಗಿವೆ. ಚಿತ್ರಗಳ ವಿಳಾಸಗಳಲ್ಲಿ ಅರ್ಧದಷ್ಟು ಈಗಲೂ ತೆರೆಯುತ್ತಿವೆ. ಪುಸ್ತಕದ ಕೆಲಸಕ್ಕೆ ಕೈ ಹಾಕುವ ಮೊದಲು ಅವನ್ನು ಇಂದೇ ಇಳಿಸಿಕೊಳ್ಳುತ್ತಿದ್ದೇನೆ.